ಚಿಕ್ಕಮ್ಮನ ಡಬ್ಬಿ ಕರೆಂಟು

ಮನೆಯಲ್ಲಿ ಮೂವತ್ತು ಸ್ಟೀಲ್ ಡಬ್ಬಿಗಳಿದ್ದೂ ಗಂಡನಿಗೆ ಮಧ್ಯಾಹ್ನದ ಚಪಾತಿಯನ್ನು ಪೇಪರಿನಲ್ಲಿ ಸುತ್ತಿ ಕಳಿಸಿದ ಹೆಂಗಸು ಇಡೀ ಪಿರಿಯಾಪಟ್ಟಣದಲ್ಲಿ ಒಬ್ಬಳೇ. ಅವಳು ನನ್ನ ಚಿಕ್ಕಮ್ಮ! ಜಿಪುಣಿಯಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಡಬ್ಬಿಗಳೆಲ್ಲ ಬೇರೆ ಡ್ಯೂಟಿಯ ಮೇಲಿದ್ದವು. ಅವು ಕರೆಂಟು ಕೊಡುತ್ತಿದ್ದವು.

ನಗಬೇಡಿ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಚಿಕ್ಕಮ್ಮ ಹಾರನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಚಿಕ್ಕಪ್ಪ ಕೆ.ಆರ್. ನಗರದಲ್ಲಿ ಗುಮಾಸ್ತ. ನಾನು ಹುಣಸೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ; ಭಾನುವಾರ ಬಂತೆಂದರೆ ಬಸ್ಸು ಹತ್ತಿ ಅವರ ಮನೆಗೆ ಹೋಗಿಬಿಡುತ್ತಿದ್ದೆ. ಆ ಮನೆಯಲ್ಲಿದ್ದಷ್ಟು ಮಜಾ ಇನ್ನೆಲ್ಲಿತ್ತು ಹೇಳಿ?

ಚಿಕ್ಕಮ್ಮನ ಅತ್ತೆಯನ್ನು ನಾವೆಲ್ಲ ಅಜ್ಜಿ ಅನ್ನುತ್ತಿದ್ದೆವು. ಅವರು ಬಚ್ಚಲಲ್ಲಿ ಜಾರಿ, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮಲಗಿ ಮಲಗಿ ಬೆನ್ನು ಹುಣ್ಣಾಗದಿರಲಿ ಎಂದು ಡಾಕ್ಟರು ಗಾಳಿ ಹಾಸಿಗೆ ಹಾಕಿಸಿದರು. ಅದಕ್ಕೊಂದು ಪುಟ್ಟ ಪಂಪು, ಸದಾ ಗಾಳಿ ಊದುತ್ತಲೇ ಇರಬೇಕು. ಆದರೆ ನಮ್ಮ ಕಡೆ ಆಗ ಕರೆಂಟು ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು! ಸರಿ, ಒಂದು ಇನ್ವರ್ಟರ್ ತಂದರು. ಕರೆಂಟು ಹೋಗಿ ಪಂಪು ಇನ್ವರ್ಟರಿನ ಮೇಲೆ ಓಡಿತೋ, ಶುರು ನೋಡಿ, 'ಗುಂಯ್ಯ್' ಅಂತ!

"ಅದ್ನ ಆರ್ಸವ್ವ! ಕಿವಿ ಒಳಗೆ ದುಂಬಿ ಬುಟ್ಟಂಗಾಯ್ತದೆ" ಎನ್ನುತ್ತಿದ್ದರು ಅಜ್ಜಿ.

"ಆರಿಸಿದ್ರೆ ಹಾಸಿಗೆ ಕುಸಿಯುತ್ತೆ ಕಣವ್ವ."

"ಕುಸೀಲಿ ಬುಡು! ನೆಲದ ಮ್ಯಾಲೆ ಮನಗಿ ಗೊತ್ತಿಲ್ವಾ ನಂಗೆ?"

ಅಜ್ಜಿ ಬಾಯಲ್ಲಿ ಹೇಳಿ ಸುಮ್ಮನಾಗುವವರಲ್ಲ. ಸೊಸೆ ಸ್ಕೂಲಿಗೆ ಹೋದ ಮೇಲೆ ಊರುಗೋಲಿನ ತುದಿಯಿಂದ ವೈರನ್ನೇ ಕಿತ್ತುಹಾಕುತ್ತಿದ್ದರು. ಒಂದು ದಿನ ಬೆನ್ನು ಒರೆಸುವಾಗ ಚಿಕ್ಕಮ್ಮನಿಗೆ ರೂಪಾಯಿಯಗಲದ ಕೆಂಪು ಕಲೆ ಕಂಡಿತು. ಮಾರನೆಯ ದಿನವೇ ಅವಳು ರಜೆ ಹಾಕಿ ಮೈಸೂರಿಗೆ ಹೋಗಿ, ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಸಂಜೆಯವರೆಗೆ ಕೂತು ಬಂದಳು.

"ಸಿಕ್ತು ಕಣೇ!" ಎಂದಳು ನನಗೆ. "ಈ ಇನ್ವರ್ಟರ್ ಕರೆಂಟನ್ನ ಒಂದೇ ನೆಗೆತಕ್ಕೆ ಅಟ್ಟಕ್ಕೆ ಹಾರಿಸುತ್ತೆ, ಒಂದೇ ನೆಗೆತಕ್ಕೆ ಬಾವಿಗೆ ಬೀಳಿಸುತ್ತೆ. ಪಂಪು ಗುಂಯ್ ಅನ್ನದೆ ಇನ್ನೇನು ಮಾಡುತ್ತೆ? ಮೆಟ್ಟಿಲು ಕಟ್ಟಿದ್ರೆ ಮೆತ್ತಗೆ ಹತ್ತಿ ಮೆತ್ತಗೆ ಇಳಿಯುತ್ತೆ. ಡಬ್ಬಿಗೊಂದು ಬ್ಯಾಟರಿ, ಜೊತೆಗೆ ಸ್ವಿಚ್ಚು ಇಟ್ರೆ ಒಂದೊಂದು ಡಬ್ಬಿ ಒಂದೊಂದು ಮೆಟ್ಟಿಲು. ಹೊರದೇಶದಲ್ಲಿ ಹೈಟೆನ್ಷನ್ ಲೈನಿಗೇ ಹೀಗೆ ಮಾಡೋಕೆ ಹೊರಟಿದ್ದಾರಂತೆ. ಲಕ್ಷಗಟ್ಟಲೆ ವೋಲ್ಟನ್ನ ಯಾವ ಸ್ವಿಚ್ಚೂ ಒಂಟಿಯಾಗಿ ತಡೆಯಲ್ಲ. ಚಿಕ್ಕಚಿಕ್ಕವು ನೂರಾರು ಸಾಲಾಗಿ ನಿಂತು ಹಂಚಿಕೊಂಡು ಹೊರುತ್ತವೆ."

"ಅಷ್ಟು ದೊಡ್ಡ ಲೈನಿನ ವಿದ್ಯೆ ಇಷ್ಟು ಪುಟ್ಟ ಪಂಪಿಗಾ ಚಿಕ್ಕಮ್ಮ?"

"ಯಾಕೆ, ಪಂಪಿಗೆ ಮರ್ಯಾದೆ ಇಲ್ವಾ?"

ಮೂವತ್ತು ಡಬ್ಬಿಗೆ ಮೂವತ್ತು ಬ್ಯಾಟರಿ ಬೇಕಲ್ಲ? ಆಗ ಹುಣಸೂರಿನಲ್ಲಿ ಬೀದಿಗೊಂದು ಕಂಪ್ಯೂಟರ್ ಸೆಂಟರ್ ಇತ್ತು. ಅವರು ಎಸೆಯಲಿಟ್ಟ ಯುಪಿಎಸ್ ಬ್ಯಾಟರಿಗಳನ್ನೆಲ್ಲ ಚಿಕ್ಕಮ್ಮ ಬೇಡಿ ತಂದಳು. ಬೈಲಕುಪ್ಪೆಯ ಟಿಬೆಟನ್ ಅಂಗಡಿಯವರೊಬ್ಬರು ನಾಲ್ಕು ಕೊಟ್ಟು, ಮೇಲೆ ಚಹಾ ಕುಡಿಸಿ ಕಳಿಸಿದರು. ಬಸ್ಸಿನಲ್ಲಿ ಅವಳ ಚೀಲ ಎತ್ತಲು ಹೋದ ಕಂಡಕ್ಟರು ಬಗ್ಗಿದವರು ಬಗ್ಗಿದಂತೆಯೇ ಇದ್ದರು.

"ಏನ್ ಮೇಡಂ ಇದು, ಕಲ್ಲಾ?"

"ಕರೆಂಟು ಕಣ್ರೀ."

"ಅಂಗಾದ್ರೆ ಅದ್ಕೂ ಒಂದು ಟಿಕೆಟ್ ತಗಳಿ!"

ಕೆಲಸಕ್ಕೆ ಜೊತೆಯಾದವರು ಮೋಟಾರಿಗೆ ಕಾಯಿಲ್ ಕಟ್ಟುವ ರಶೀದಣ್ಣ. ಅವರ ಅಂಗಡಿ ಪಕ್ಕದ ಬೀದಿಯಲ್ಲೇ ಇತ್ತು. ಚಿಕ್ಕಮ್ಮ ಅಡುಗೆ ಮುಗಿಸಿ ಬೆಸುಗೆ ಹಾಕುವ ಕಾದ ಕಡ್ಡಿ ಹಿಡಿದು ಕೂತರೆ, ರಶೀದಣ್ಣ ವೈರು ಸುಲಿಯುತ್ತ ಕೂರುತ್ತಿದ್ದರು. ಮೊದಲ ಸಲ ಸ್ವಿಚ್ ಒತ್ತಿದಾಗ ಏನಾಯಿತು ಅಂತೀರಾ? 'ಢಂ' ಎಂದು ಒಂದು ಡಬ್ಬಿಯ ಮುಚ್ಚಳ ಹಾರಿ ಪಕ್ಕದ ಮನೆಯ ದಾಸವಾಳದ ಗಿಡದಲ್ಲಿ ಕೂತಿತು!

"ಟೀಚರಮ್ಮ, ಇದು ಮೆಟ್ಲು ಹತ್ತಲಿಲ್ಲ, ರಾಕೆಟ್ ಹತ್ತಿಬಿಡ್ತು!" ಎಂದರು ರಶೀದಣ್ಣ.

ಚಿಕ್ಕಪ್ಪನಿಗೆ ಮಾತ್ರ ಬೇರೆಯೇ ದುಃಖ. "ಅದು ನನ್ನ ಉಪ್ಪಿನಕಾಯಿ ಡಬ್ಬಿ ಕಣೇ" ಅಂದರು. ಒಳಗಿನಿಂದ ಅಜ್ಜಿ ಕೂಗಿದರು: "ಮನೆ ಉಳೀತೇನವ್ವ?"

ಎರಡು ತಿಂಗಳು ಹೀಗೇ ನಡೆಯಿತು. ಚಿಕ್ಕಮ್ಮ ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದಳು. ಸ್ಕೂಲಿನಲ್ಲಿ ಪಾಠ ಮಾಡುತ್ತ ನಿಂತಲ್ಲೇ ತೂಕಡಿಸಿದಳೆಂದು ಹೆಡ್‌ಮಾಸ್ಟರು ಬೈದರಂತೆ. "ಸಾರ್, ಕಣ್ಣು ಮುಚ್ಚಿ ಪ್ರಯೋಗ ಊಹಿಸ್ತಿದ್ದೆ" ಎಂದಳಂತೆ ಇವಳು!

ಕೊನೆಗೊಂದು ಭಾನುವಾರ ಮಧ್ಯಾಹ್ನ. ಮೂವತ್ತು ಡಬ್ಬಿಗಳು ನಡುಮನೆಯ ಗೋಡೆಗೆ ಸಾಲಾಗಿ ನಿಂತಿದ್ದವು. ಒಂದೊಂದರ ನೆತ್ತಿಯ ಮೇಲೂ ಪುಟ್ಟ ಕೆಂಪು ದೀಪ. ಫ್ಯಾನು ನಿಂತಿತು, ಕರೆಂಟು ಹೋಯಿತು. ಚಿಕ್ಕಮ್ಮ, ರಶೀದಣ್ಣ, ನಾನು ಮೂವರೂ ಉಸಿರು ಬಿಗಿ ಹಿಡಿದೆವು. ಅಜ್ಜಿಯ ಕೋಣೆಯಲ್ಲಿ ಸದ್ದಿಲ್ಲ. ಹಾಸಿಗೆಯ ಮಡಿಕೆಗಳು ಮಾತ್ರ ಉಬ್ಬುತ್ತ ಇಳಿಯುತ್ತ ಇದ್ದವು.

ಅರ್ಧ ಗಂಟೆಯಾದ ಮೇಲೆ ಹನ್ನೊಂದನೆಯ ಡಬ್ಬಿಯ ದೀಪ ಆರಿತು. "ಹೋಯ್ತು ಚಿಕ್ಕಮ್ಮ!" ಎಂದು ಚೀರಿದೆ.

"ಸುಮ್ನಿರೇ. ಅವರೊಬ್ಬರು ರಜೆ ಹಾಕಿದ್ದಾರೆ. ಉಳಿದ ಮೇಷ್ಟ್ರುಗಳು ಕ್ಲಾಸ್ ತಗೊಳ್ತಿಲ್ವಾ?"

ನಿಜ! ಒಂದು ಡಬ್ಬಿ ಕೈಕೊಟ್ಟರೂ ಪಂಪು ನಿಲ್ಲಲೇ ಇಲ್ಲ.

ಒಳಗಿನಿಂದ ಅಜ್ಜಿ ಕರೆದರು. "ಕರೆಂಟ್ ಬಂತೇನವ್ವ?"

ಚಿಕ್ಕಮ್ಮ ಬಾಗಿಲಿಗೆ ಹೋದಳು. "ಇಲ್ಲ ಕಣವ್ವ, ಹೋಗಿ ಎಷ್ಟೋ ಹೊತ್ತಾಯ್ತು."

"ಮತ್ತೆ ದುಂಬಿ?"

"ಓಡಿಸಿಬಿಟ್ಟೆ."

ಅಜ್ಜಿ ಮಂಚದ ಪಟ್ಟಿ ಹಿಡಿದು, ಹಲ್ಲು ಕಚ್ಚಿಕೊಂಡು, ಇಷ್ಟಿಷ್ಟೇ ಗೋಡೆಯ ಕಡೆಗೆ ಸರಿದರು. ಒಬ್ಬರು ಮಲಗುವಷ್ಟು ಜಾಗವಾಯಿತು.

"ಬಾ. ಒಸಿ ಮನೀಕೋ."

"ಅಯ್ಯೋ, ದೋಸೆಗೆ ರುಬ್ಬಬೇಕು ಕಣವ್ವ..."

"ಬಾ ಅಂದ್ರೆ!"

ಅತ್ತೆಯ ಮಂಚದ ಮೇಲೆ ಒಂದು ದಿನವೂ ಕೂರದ ಚಿಕ್ಕಮ್ಮ ಅಂಚಿನಲ್ಲಿ ಮುದುಡಿ ಮಲಗಿದಳು. ಅಜ್ಜಿ ಅವಳ ಕೈ ಎತ್ತಿಕೊಂಡು, ಬೆರಳ ತುದಿಗಳ ಸುಟ್ಟ ಬೊಬ್ಬೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಎಲ್ಲಾ ನನ್ ಕಿವಿಗೋಸ್ಕರವೇನವ್ವ?"

ಚಿಕ್ಕಮ್ಮ ಅಷ್ಟರಲ್ಲೇ ನಿದ್ದೆ ಹೋಗಿದ್ದಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ರಶೀದಣ್ಣನನ್ನೂ ನೋಡಿ, ಸದ್ದು ಮಾಡಬೇಡಿ ಎಂದು ಅಜ್ಜಿ ತುಟಿಯ ಮೇಲೆ ಬೆರಳಿಟ್ಟರು.