ಮಾವನ ಕ್ರೋಮೋಸೋಮ್ ಸರ್ವೆ

ನಮ್ಮ ಸೋದರಮಾವನ ಎದುರು ಅಪ್ಪಿತಪ್ಪಿಯೂ ಬಾಳೆಹಣ್ಣು ಇಡಬೇಡಿ. ತಿನ್ನುವುದಿಲ್ಲ, ಪಾಠ ಶುರು ಮಾಡುತ್ತಾರೆ!

ಮಾವ ಮೇಷ್ಟ್ರಲ್ಲ. ಟಿ. ನರಸೀಪುರದ ಸುತ್ತ ಮೂವತ್ತು ವರ್ಷ ಜಮೀನು ಅಳೆದು ನಿವೃತ್ತರಾದ ಸರ್ವೆಯರು. ನಂಜನಗೂಡಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಈಗ ನನಗೇ ಜೀವಶಾಸ್ತ್ರ ಹೇಳಿಕೊಡುವವರು ಅವರು!

ಇದೆಲ್ಲ ಶುರುವಾದದ್ದು ಅತ್ತೆಯ ಎದೆಯಲ್ಲಿ ಗಂಟು ಕಾಣಿಸಿದ ಮೇಲೆ. ಬೇಗ ಆಪರೇಷನ್ ಮಾಡಿಸಿದರೆ ಉಳಿಯುತ್ತಾರೆ ಎಂದರು ಮೈಸೂರಿನ ಡಾಕ್ಟರು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನಮ್ಮತ್ತೆ ಸಾಯೋವಾಗ ಮುನಿಸ್ಕಂಡು ತೌರ್ಗೆ ಓಗಿದ್ದೆ ಕಣವ್ವ. ಆ ಪಾಪಕ್ಕೇ ಬಂದದೆ. ಅನುಭವಿಸ್ತೀನಿ ಬುಡು" ಎಂದರು ನನ್ನ ಹತ್ತಿರ.

ಪಾಪಕ್ಕಲ್ಲದಿದ್ದರೆ ಗಂಟು ಬಂದದ್ದಾದರೂ ಯಾಕೆ? ಮಾವ ಡಾಕ್ಟರ ಪ್ರಾಣ ತಿಂದರು. ಅವರು ಜೀವಕೋಶ ಒಂದು ಎರಡಾಗುವ ಚಿತ್ರ ಬರೆದು ತೋರಿಸಿದರೆ ಮಾವ ಕುಣಿದಾಡಿಬಿಟ್ಟರಂತೆ. "ಇದು ನಮ್ ಪೋಡಿ ಅಲ್ವಾ ಸಾ!"

ಒಂದೇ ಸರ್ವೆ ನಂಬರಿನ ಜಮೀನನ್ನು ಅಣ್ಣತಮ್ಮಂದಿರಿಗೆ ಬಿಡಿಸಿಕೊಡುವುದಕ್ಕೆ ಪೋಡಿ ಅನ್ನುತ್ತಾರೆ. ಅಲ್ಲಿಂದ ಮಾವನನ್ನು ಹಿಡಿಯುವವರೇ ಇಲ್ಲ.

ನಂಜನಗೂಡಿಗೆ ಬಂದಿದ್ದಾಗ ನಮ್ಮೂರ ಹಣ್ಣಿನಂಗಡಿಯಲ್ಲಿ ನಿಂತು, ಅಂಟಿಕೊಂಡ ಜೋಡಿ ಬಾಳೆಹಣ್ಣೇ ಬೇಕೆಂದು ಹಟ ಹಿಡಿದರು. ಅಂಗಡಿಯವನು ಅವರನ್ನು ಮೇಲಿಂದ ಕೆಳಗೆ ನೋಡಿದ. "ಈ ವಯಸ್ಸಲ್ಲಿ ಅವಳಿ ಮಕ್ಳ ಆಸೆನಾ ಯಜಮಾನ್ರೇ?"

"ಮಕ್ಳಲ್ಲ ಕಣಯ್ಯ, ಕ್ರೋಮೋಸೋಮು!"

ನರಸೀಪುರದ ಬಸ್ಸು ಹತ್ತಿದವರೇ ಹಣ್ಣಿಗೆ ದಾರ ಕಟ್ಟಿ, ಒಂದು ತುದಿಯನ್ನು ಕಂಡಕ್ಟರಿಗೆ ಕೊಟ್ಟರು. "ಜೀವಕೋಶ ಒಂದು ಎರಡಾಗೋವಾಗ ಜೋಡೀಲಿ ಒಂದು ಆ ಕಡೆ, ಒಂದು ಈ ಕಡೆ ಓಗ್ಬೇಕು. ಎಲ್ಲಾ ಜೋಡಿಗೂ ಎರಡೂ ಕಡೆಯಿಂದ ದಾರ ಬೀಳೋಗಂಟ 'ತಡೀರ್ಲಾ, ಎಳೀಬ್ಯಾಡಿ' ಅನ್ನೋ ಪ್ರೋಟೀನುಗಳವೆ. ಅವೇ ಸರ್ವೆಯರು! ಅವು ಕೆಟ್ರೆ ಪಾಲು ಎಡವಟ್ಟು. ಗಂಟು ಉಟ್ಟೋದು ಅಂಗೇಯ."

"ಮೊದ್ಲು ಟಿಕೆಟ್ ತಗಳಿ ಯಜಮಾನ್ರೇ" ಎಂದ ಕಂಡಕ್ಟರು, ದಾರ ಮಾತ್ರ ಬಿಡಲಿಲ್ಲ. ಪಾಠ ಕೇಳುತ್ತ ಕೂತ ಒಬ್ಬ ಹೆಂಗಸು ತನ್ನ ಸ್ಟಾಪನ್ನೇ ಮರೆತಳಂತೆ! ಇಪ್ಪತ್ತು ವರ್ಷದಿಂದ ಇದನ್ನೇ ಪಾಠ ಮಾಡುತ್ತಿದ್ದೇನೆ, ನನ್ನ ಕ್ಲಾಸಿನಲ್ಲಿ ಯಾರೂ ಬೆಲ್ಲು ಮರೆತದ್ದಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಹೋದ ಭಾನುವಾರ ಅವರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಮೂರು ಜೋಡಿ ಹಣ್ಣು ಸಾಲಾಗಿ ಕೂತಿದ್ದವು. ನನ್ನನ್ನೂ ಅತ್ತೆಯನ್ನೂ ಎದುರುಬದುರು ಕೂರಿಸಿ, ಕೈಗೆ ದಾರ ಕೊಟ್ಟು, ಉತ್ಸಾಹದಲ್ಲಿ "ಎಳೀರಿ!" ಎಂದು ಕೂಗಿಯೇಬಿಟ್ಟರು. ಎರಡು ಜೋಡಿ ಸರಿಯಾಗಿ ಬಿಡಿಸಿಕೊಂಡವು. ಮೂರನೆಯದು ಇಡಿಯಾಗಿ ನನ್ನ ಮಡಿಲಿಗೆ ಬಂತು! ಅದರ ಎರಡೂ ದಾರ ನನ್ನ ಕೈಗೇ ಕೊಟ್ಟಿದ್ದರು ಪುಣ್ಯಾತ್ಮ.

ನಾನು ಬಿದ್ದು ಬಿದ್ದು ನಕ್ಕೆ. ಎಷ್ಟೋ ದಿನದ ಮೇಲೆ ಅತ್ತೆಯೂ ನಕ್ಕರು. "ಸರ್ವೆಯರ್ರೇ ಎಡವಟ್ಟು ಮಾಡ್ಬುಟ್ರಲ್ಲ!"

ಮಾವ ನಗಲಿಲ್ಲ. ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಊಂ ಕಣಮ್ಮಿ, ನೋಡ್ಬೇಕಾದವ್ನು ನಾನು ನೋಡ್ಲಿಲ್ಲ, ತಪ್ಪೋಯ್ತು. ಇದ್ರಲ್ಲಿ ನಿನ್ ತಪ್ಪೇನದೆ, ಯೋಳು? ನಿನ್ ಮೈಯೊಳ್ಗೂ ಇಷ್ಟೇ ಆಗಿರೋದು. ನಮ್ಮವ್ವನ ಶಾಪನೂ ಅಲ್ಲ, ನಿನ್ ಪಾಪನೂ ಅಲ್ಲ."

ಅತ್ತೆ ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಆಪರೇಸನ್ ದಿನ ಬಾಗ್ಲತ್ರನೇ ಇರ್ತೀರಾ?"

ಬಸ್ಸಿಗೆ ಬಸ್ಸನ್ನೇ ಕೂರಿಸಿಕೊಂಡು ಪಾಠ ಮಾಡಿದವರು ಹೆಂಡತಿಯ ಎರಡೂ ಕೈ ಹಿಡಿದುಕೊಂಡು, ನನ್ನೆದುರೇ ಅತ್ತುಬಿಟ್ಟರು.