ಎಡ ಅಂದರೆ ಯಾರ ಎಡ?

ನಮ್ಮ ಚಿಕ್ಕಪ್ಪನವರಷ್ಟು ಗುಂಡಿಗೆಗಳನ್ನು ಕೈಯಲ್ಲಿ ಹಿಡಿದವರು ಇಡೀ ಆರ್.ಟಿ. ನಗರದಲ್ಲಿ ಇನ್ನೊಬ್ಬರೇ ಇದ್ದರು. ಅವರು ಮಟನ್ ಅಂಗಡಿಯ ಭಾಯ್! ಎಲ್ಲವೂ ನಿಂತುಹೋದ ಗುಂಡಿಗೆಗಳೇ, ಆ ಮಾತು ಬೇರೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ಆಗುವುದಿಲ್ಲ.

ಚಿಕ್ಕಪ್ಪ ಸೋಲದೇವನಹಳ್ಳಿ ಕಡೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮೊಟ್ಟೆಯನ್ನೂ ಮುಟ್ಟದ ಮನುಷ್ಯ ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯಲ್ಲಿ ಕ್ಯೂ ನಿಲ್ಲುತ್ತಿದ್ದರು. ಒಮ್ಮೆ ಅಲ್ಲಿ ಹೊಸದಾಗಿ ಸೇರಿದ್ದ ಆಳನ್ನು, "ಗುಂಡಿಗೆ ಇದೆಯೇನಯ್ಯಾ?" ಎಂದು ಕೇಳಿದರು. ಅವನು ಕತ್ತಿ ಕೆಳಗಿಟ್ಟು, ತೋಳು ಮಡಚಿ, "ಯಾಕ್ ಸಾರ್, ಏನ್ ವಿಷ್ಯ?" ಎಂದು ಎದುರು ನಿಂತ! ಭಾಯ್ ಓಡಿಬಂದು, "ಅರೇ, ಸಾಬ್‌ಗೆ ಕುರಿದು ದಿಲ್ ಬೇಕು ಕಣೋ, ಜಗಳ ಅಲ್ಲ" ಎಂದು ಬಿಡಿಸಬೇಕಾಯಿತು.

ಸೋಮವಾರದ ಕ್ಲಾಸಿಗೆ ಭಾನುವಾರವೇ ತಾರಸಿಯಲ್ಲಿ ತಾಲೀಮು. ಮನೆಯೊಳಗೆ ಚಿಕ್ಕಮ್ಮ ಬಿಡಬೇಕಲ್ಲ! ಪ್ರೇಕ್ಷಕ ನಾನೊಬ್ಬನೇ. ಮೊದಲ ಪಾಠ ಯಾವಾಗಲೂ ಒಂದೇ: "ಹೃದಯ ನಿನಗೆ ಮುಖ ಮಾಡ್ಕೊಂಡು ಕೂತಿದೆ. ಎಡ ಅಂದ್ರೆ ಅದರ ಎಡ ಕಣೋ, ನಿನ್ನ ಎಡ ಅಲ್ಲ!" ಆಮೇಲೆ ಬ್ಲೇಡು. ಬಲಗಡೆ ಗೋಡೆ ತೆಳು. "ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ರಕ್ತ ಕಳಿಸೋದು ತಾನೆ, ಅದಕ್ಕೇನ್ ಕಷ್ಟ?" ಎಡಗಡೆಯದು ಬೆರಳು ದಪ್ಪ. "ಇದು ಇಡೀ ಮೈಗೆ ದೂಡ್ಬೇಕು, ಪಾಪ." ಒಳಗೆ ಬಿಳಿ ದಾರದಂಥ ಎಳೆಗಳು ಕವಾಟವನ್ನು ಎಳೆದು ಹಿಡಿದಿರುವುದು ಕಂಡರೆ ಅವರ ಮುಖ ಅರಳುತ್ತಿತ್ತು.

ಈ ಎಡದ ಹುಚ್ಚು ಕುರಿಗಳಿಗೇ ನಿಂತಿದ್ದರೆ ಸರಿ! "ನಮ್ಮನೆ ಗಣಪತಿ ಗುಡಿಯ ಎಡಕ್ಕೆ" ಎಂದು ಊರಿಗೆಲ್ಲ ಹೇಳುತ್ತಿದ್ದರು. ಬಂದವರು ಗುಡಿಗೆ ಕೈ ಮುಗಿದು, ತಮ್ಮ ಎಡಕ್ಕೆ ತಿರುಗಿ, ಟೈಲರ್ ಅಂಗಡಿ ಹೊಗುತ್ತಿದ್ದರು. ನಮ್ಮ ಗ್ಯಾಸ್ ಸಿಲಿಂಡರೂ ಅಲ್ಲಿಗೇ!

"ಗಣಪತಿಯ ಎಡ ಕಣ್ರೀ, ನಿಮ್ಮ ಎಡ ಅಲ್ಲ!" ಎಂದು ಚಿಕ್ಕಪ್ಪ ಫೋನಿನಲ್ಲಿ ಕೂಗುತ್ತಿದ್ದರು.

"ಹಾಗಾದ್ರೆ ಗಣಪತಿನೇ ಕರ್ಕೊಂಡ್ ಬರ್ಲಿ ಬಿಡಿ," ಎಂದು ಚಿಕ್ಕಮ್ಮ ಒಳಗಿನಿಂದ.

ಆ ಚಿಕ್ಕಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಎಡಗಡೆಯ ಕವಾಟ ಗಡುಸಾಗಿದೆ, ಆಪರೇಷನ್ ಆಗಲೇಬೇಕು ಎಂದರು. ಅವಳ ಹೆದರಿಕೆ ಹೋಗಲೆಂದು ಚಿಕ್ಕಪ್ಪ ಒಂದು ಗುಂಡಿಗೆ ತಂದು, ಮೊದಲ ಸಲ ಮನೆಯೊಳಗೆ, ಅವಳೆದುರೇ ಕೊಯ್ದು ತೋರಿಸಿದರು.

"ನೋಡೇ, ಇಷ್ಟೇ ಬಾಗಿಲು. ಇದನ್ನ ಬದಲಾಯಿಸ್ತಾರೆ, ಅಷ್ಟೇ."

"ರೀ, ಮತ್ತೆ ನಿಮ್ ಕೈ ಯಾಕ್ ನಡುಗ್ತಿದೆ?"

ಚಿಕ್ಕಪ್ಪ ಬ್ಲೇಡು ಕೆಳಗಿಟ್ಟರು. ಮತ್ತೆ ಅದನ್ನು ಎತ್ತಿಕೊಳ್ಳಲಿಲ್ಲ.

ಆಪರೇಷನ್ ಆಯಿತು. ಚಿಕ್ಕಮ್ಮ ಉಳಿಯಲಿಲ್ಲ.

ಮನೆಗೆ ತಂದು ನಡುಮನೆಯಲ್ಲಿ ಮಲಗಿಸಿದ್ದೆವು. ದಾರಿ ತಪ್ಪಿ ಟೈಲರ್ ಅಂಗಡಿಗೆ ಹೋದವರನ್ನು ಟೈಲರೇ ಕರೆತಂದು ಬಿಡುತ್ತಿದ್ದ. ಚಿಕ್ಕಪ್ಪ ಅವಳ ಕಾಲ ಬಳಿ ಕುಳಿತಿದ್ದರು. ಜನ ಸ್ವಲ್ಪ ಸರಿದಾಗ ಮಂಡಿಯೂರಿ ಮುಂದಕ್ಕೆ ಬಾಗಿ, ಅವಳ ಎದೆಯ ಮೇಲೆ ಅಂಗೈ ಇಟ್ಟರು. ತಮ್ಮ ಎಡಕ್ಕೆ. ಎಂದರೆ, ಚಿಕ್ಕಮ್ಮನ ಬಲಕ್ಕೆ.

"ಸಿಗ್ತಿಲ್ಲ ಕಣೋ," ಎಂದರು ನನ್ನತ್ತ ನೋಡಿ. "ಬಡಿತ ಸಿಗ್ತಿಲ್ಲ."

ಅವರೇ ಕಲಿಸಿದ ಪಾಠ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಕೈ ಸರಿಯಾದ ಕಡೆಗೆ ಹೋಗುತ್ತಿತ್ತು. ಅಲ್ಲೂ ಏನೂ ಇಲ್ಲವೆಂದು ಆಗ ಅವರಿಗೆ ಗೊತ್ತಾಗಿಬಿಡುತ್ತಿತ್ತು.

"ಇನ್ನೊಂಚೂರು ಹುಡುಕಿ ಚಿಕ್ಕಪ್ಪ," ಎಂದೆ.