ಡ್ಯಾಶ್‌ಬೋರ್ಡಿನ ಮೇಲೆ ಒಂದು ಲೋಟ ಮಜ್ಜಿಗೆ

ನಮ್ಮ ಸೋದರಮಾವ ಕಾರು ಓಡಿಸುವುದಿಲ್ಲ, ಕಾರನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಾರೆ. ಈ ಮಾತು ನನ್ನದಲ್ಲ, ಅವರ ಸ್ವಂತ ಹೆಂಡತಿ, ಅಂದರೆ ನಮ್ಮತ್ತೆಯದು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಅವರ ಜೊತೆ ಹೊರಟವರು ದಾರಿಯಲ್ಲಿ ಒಂದು ನಿದ್ದೆ ಮುಗಿಸಿ, ಎದ್ದು, ಎರಡೂ ಕಡೆಯ ನೆಂಟರ ಸುದ್ದಿ ಮಾತಾಡಿ, ಮಾತು ಖಾಲಿಯಾಗಿ, ಇನ್ನೊಂದು ನಿದ್ದೆ ತೆಗೆಯಬಹುದು. ಸುಮ್ಮನೆ ಹೇಳುತ್ತಿದ್ದೇನೆ ಅನ್ನುತ್ತೀರಾ? ಒಮ್ಮೆ ನಮ್ಮನ್ನು ಒಂದು ಕುರಿಮಂದೆ ಹಿಂದೆ ಹಾಕಿತು! ನಾಯಿ ಅಟ್ಟಿಸಿಕೊಂಡು ಬಂದು ಕುರಿಗಳು ಓಡುತ್ತಿದ್ದವು, ಒಪ್ಪುತ್ತೇನೆ. ಆದರೂ ಕುರಿ ಕುರಿಯೇ ಅಲ್ಲವೇ?

ಇಂಥ ಮಾವ ಹೋದ ಬೇಸಿಗೆಯಲ್ಲಿ "ಅಕ್ಕನ್ನ ನಾನೇ ಕರ್ಕಂಡು ಹೋಗ್ತೀನಿ" ಅಂದಾಗ ನಮ್ಮ ಎದೆ ಧಸಕ್ಕೆಂದಿತು. ಅಕ್ಕ ಅಂದರೆ ನಮ್ಮವ್ವ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಿಕೊಂಡು ಮಲಗಿದ್ದಳು. ಒಂದು ಸಲ ಹೊಲಿಗೆ ಕೀವಾಗಿ, ಬಿಚ್ಚಿ, ಮತ್ತೆ ಹಾಕಿದ್ದರು. ಈಗ ಮೊಳಕಾಲ್ಮೂರಿನ ಮನೆ ಸೇರಬೇಕು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಹೊಲಿಗೆ ಇನ್ನೂ ಹಸಿ ಐತಮ್ಮ. ದಾರೀಲಿ ಕುಲುಕಾಟ ಆಗ್ಬಾರ್ದು, ಬೆವರು ಕೂರ್ಬಾರ್ದು. ಮತ್ತೆ ಬಿಟ್ಕಂಡ್ರೆ ಕಷ್ಟ ಆಗ್ತದೆ" ಅಂದಿದ್ದರು.

ಅಪ್ಪ ಮೆಲ್ಲಗೆ, "ಏಸಿ ಇರೋ ಬಾಡಿಗೆ ಕಾರು ಮಾಡಾಣ" ಅಂದರು. ಅವ್ವ ಮಲಗಿದಲ್ಲಿಂದಲೇ, "ಬಂದ್ರೆ ನನ್ ತಮ್ಮನ್ ಕಾರಾಗೇ ಬರೋದು. ಇಲ್ಲಾಂದ್ರೆ ಇಲ್ಲೇ ಇರ್ತೀನಿ" ಅಂದಳು. ಅಲ್ಲಿಗೆ ಚರ್ಚೆ ಮುಗಿಯಿತು. ಭಯ ಮುಗಿಯಲಿಲ್ಲ. ಯಾಕೆ ಭಯ ಅಂತ ನಿಮಗೆ ಗೊತ್ತಾಗಬೇಕಾದರೆ ನಮ್ಮ ಮಾವನ ಕಾರಿನೊಳಗೆ ಸ್ವಲ್ಪ ಹೊತ್ತು ಕೂರಬೇಕು. ಬನ್ನಿ, ಚಪ್ಪಲಿ ಝಾಡಿಸಿ ಹತ್ತಿ. ಮಣ್ಣೂ ಭಾರವೇ!

ಮಾವ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಯಂತ್ರದ ಸದ್ದು ಕೇಳಿಯೇ ಅದರ ಜ್ವರ ಹೇಳಬಲ್ಲವರು. ನಿವೃತ್ತಿಯಾದ ಮೇಲೆ ಒಂದು ಬಿಳಿ ಹಳೇ ಕಾರು ತಗೊಂಡರು. ಬಿಳಿಯೇ ಯಾಕೆ? "ಬಿಸಿಲು ಹೀರಲ್ಲ. ಏಸಿ ಬೇಕಾಗಲ್ಲ." ಕಾರಿಗೆ ಏಸಿ ಇತ್ತು. ಆದರೆ ಅದರ ಗುಂಡಿಯ ಮೇಲೆ ಮಾವ ಆಂಜನೇಯನ ಸ್ಟಿಕ್ಕರ್ ಅಂಟಿಸಿಬಿಟ್ಟಿದ್ದರು. ದೇವರ ಎದೆಗೆ ಬೆರಳಿಟ್ಟು ಒತ್ತುವ ಧೈರ್ಯ ಯಾರಿಗಿದೆ ಹೇಳಿ? ಏಪ್ರಿಲ್ ತಿಂಗಳ ಮಧ್ಯಾಹ್ನ ನಾವು ಹಿಂದಿನ ಸೀಟಿನಲ್ಲಿ ಬೇಯುತ್ತ ಅವನನ್ನು ನೋಡುತ್ತಿದ್ದೆವು, ಅವನು ಸಂಜೀವಿನಿ ಹೊತ್ತುಕೊಂಡು ನಮ್ಮನ್ನು ನೋಡುತ್ತಿದ್ದ.

ಟೈರಿನ ಗಾಳಿಯ ವಿಷಯದಲ್ಲಂತೂ ಮಾವ ಮಡಿವಂತರು. ಪ್ರತಿ ಸೋಮವಾರ ಬೆಳಗ್ಗೆ, ಬಿಸಿಲಿಗೆ ರಸ್ತೆ ಕಾಯುವ ಮುಂಚೆ, ನಾಲ್ಕೂ ಚಕ್ರ, ಜೊತೆಗೆ ಸ್ಟೆಪ್ನಿ. "ಗಾಳಿ ಕಮ್ಮಿ ಆದ್ರೆ ಟೈರು ನೆಲಕ್ಕೆ ಅಂಟ್ಕಂಡು ಎಳೀತದೆ. ಪೆಟ್ರೋಲು ಕುಡೀತದೆ. ಮನುಷ್ಯರಿಗೆ ಬೀಪಿ ಹೆಂಗೋ ಟೈರಿಗೆ ಗಾಳಿ ಹಂಗೆ ಕಣವ್ವ" ಅಂತ ನನಗೆ ಉಪದೇಶ. ಅತ್ತೆ ಒಳಗಿನಿಂದ, "ನಿಮ್ ಬೀಪಿ ನೋಡಿಸಿ ಎರಡು ವರ್ಷ ಆತು" ಅಂದರು. ಮಾವ ಗಾಳಿ ಹಿಡಿಸಲು ಹೊರಟೇಬಿಟ್ಟರು.

ಇನ್ನು ಭಾರದ ಕಥೆ. ಕಾರಿನ ಡಿಕ್ಕಿಯಲ್ಲಿ ಜಾಕಿ, ಸ್ಟೆಪ್ನಿ ಬಿಟ್ಟರೆ ಒಂದು ಹುಲ್ಲುಕಡ್ಡಿ ಇರುವಂತಿಲ್ಲ. ಆಯುಧಪೂಜೆಗೆ ಎಲ್ಲರ ಗಾಡಿಗೂ ಬಾಳೆಕಂದು ಕಟ್ಟಿದರೆ ಇವರ ಗಾಡಿಗೆ ಬರೀ ಕುಂಕುಮ. ಬಾಳೆಕಂದು ಗಾಳಿ ತಡೆಯುತ್ತದಂತೆ! ಆದರೆ ಊರಿಗೆಲ್ಲ ಗೊತ್ತಾಗಿದ್ದು ಮಡಿಲಕ್ಕಿ ಪ್ರಕರಣದಿಂದ. ಪಂಚಮಿಗೆ ತವರಿಗೆ ಹೋಗಿದ್ದ ಅವ್ವನಿಗೆ ಅತ್ತೆ ಮಡಿಲು ತುಂಬಿ ಕಳಿಸಿದರು. ಐದು ಸೇರು ಅಕ್ಕಿ, ಐದು ತೆಂಗಿನಕಾಯಿ, ಬೆಲ್ಲ, ಕುಬುಸದ ಕಣ. ಮಾವ ಅದನ್ನು ಎತ್ತಿ ನೋಡಿದರು, ಇಳಿಸಿದರು, ತಲೆ ಕೆರೆದುಕೊಂಡರು. ಅಕ್ಕನನ್ನು ಕಾರಿನಲ್ಲಿ ಕೂರಿಸಿದರು, ಮಡಿಲಕ್ಕಿ ಗಂಟನ್ನು ಮೊಳಕಾಲ್ಮೂರು ಬಸ್ಸಿಗೆ ಹಾಕಿದರು!

ಬಸ್ಸು ಮೊದಲು ಬಂತು, ಬಿಡಿ. ಕಂಡಕ್ಟರು ಗಂಟನ್ನು ಇಳಿಸಿದ, ಗುರುತಿನವರು ಯಾರೋ ನಮ್ಮ ಮನೆ ಜಗುಲಿಯ ಮೇಲೆ ತಂದಿಟ್ಟರು. ಮಗ್ಗದ ಕೋಣೆಯಿಂದ ಎದ್ದು ಬಂದ ನಮ್ಮಜ್ಜಿ, ಅಂದರೆ ಅಪ್ಪನ ಅವ್ವ, ಅರಿಶಿನ ಕುಂಕುಮ ಹಚ್ಚಿದ ಗಂಟು ಒಂದೇ ಕೂತಿರುವುದನ್ನು ಕಂಡು "ಓರಿ ದೇವುಡಾ" ಅಂತ ಅಲ್ಲೇ ಕುಸಿದರು. ಮಡಿಲಕ್ಕಿ ಒಂಟಿಯಾಗಿ ಮನೆಗೆ ಬರುವುದುಂಟೆ? ಸೊಸೆಗೆ ಏನಾಯಿತು? ಅಕ್ಕಪಕ್ಕದ ಮನೆಗಳ ಮಗ್ಗಗಳೆಲ್ಲ ನಿಂತು ಜನ ಸೇರಿದರು. ಮುಕ್ಕಾಲು ಗಂಟೆ ಬಿಟ್ಟು ಮಾವನ ಕಾರು ಬೀದಿ ತಿರುವಿನಲ್ಲಿ ಕಾಣಿಸಿತು, ಒಳಗೆ ಅವ್ವ ಆರಾಮವಾಗಿ ಶೇಂಗಾ ತಿನ್ನುತ್ತಿದ್ದಳು. ಅಜ್ಜಿ ಮಾವನನ್ನು ತೆಲುಗಿನಲ್ಲಿ ಬೈದರು, ಕನ್ನಡದಲ್ಲಿ ಬೈದರು. ಮಾವ ಎರಡನ್ನೂ ಕೇಳಿ, "ಅಕ್ಕಿ ಬಂತಲ್ಲಮ್ಮ, ಇನ್ನೇನು?" ಅಂದರು.

ಹೊಗೆ ಅಂದರೆ ಮಾವನಿಗೆ ಸಿಡಿಮಿಡಿ. ತಮ್ಮ ಕಾರಿನ ಹೊಗೆಕೊಳವೆಗೆ ಬಿಳಿ ಟವೆಲ್ ಹಿಡಿದು, ಎಂಜಿನ್ ಚಾಲೂ ಮಾಡಿಸಿ, ಆಮೇಲೆ ಅದೇ ಟವೆಲಿನಲ್ಲಿ ಎಲ್ಲರೆದುರು ಮುಖ ಒರೆಸಿಕೊಂಡು ತೋರಿಸುತ್ತಾರೆ. ಟವೆಲ್ ಅತ್ತೆಯದು ಅನ್ನುವುದು ಬೇರೆ ವಿಷಯ. ನನಗೆ ಗಂಡು ನೋಡುವಾಗ ಒಬ್ಬರು ದೊಡ್ಡ ಜೀಪಿನಲ್ಲಿ ಬಂದಿದ್ದರು. ಹುಡುಗ ಚೆನ್ನಾಗಿದ್ದ, ಓದಿದ್ದ, ಹೊಲವಿತ್ತು. ಮಾವ ಅವನನ್ನು ಬೀದಿಗೆ ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಏರ್ ಫಿಲ್ಟರ್ ಕೊನೇ ಸಲ ಯಾವಾಗ ಕ್ಲೀನ್ ಮಾಡ್ಸಿದ್ರಿ?" ಹುಡುಗ ತಬ್ಬಿಬ್ಬಾದ. ಮಾವ ಒಳಗೆ ಬಂದು ಅಪ್ಪನ ಕಿವಿಯಲ್ಲಿ, "ಬ್ಯಾಡ ಭಾವ, ಹೊಗೆ ಕಪ್ಪಗೈತೆ" ಅಂದರು. ಈಗಿನ ನನ್ನ ಗಂಡನನ್ನು ಯಾಕೆ ಒಪ್ಪಿದರು ಅಂತೀರಾ? ಅವರ ಮನೆಯವರು ಬಸ್ಸಿನಲ್ಲಿ ಬಂದಿದ್ದರು.

ರೈಲ್ವೆ ಗೇಟು ಹಾಕಿದರೆ ಮಾವನಿಗೆ ಹಬ್ಬ. ಎಂಜಿನ್ ಆಫ್ ಮಾಡಿ, ಕೆಳಗಿಳಿದು, ಸಾಲಾಗಿ ನಿಂತ ಗಾಡಿಗಳ ಗಾಜು ತಟ್ಟುತ್ತ ಹೋಗುತ್ತಾರೆ. "ಆಫ್ ಮಾಡ್ರಿ. ರೈಲು ಬರಾಕೆ ಇನ್ನೂ ಹೊತ್ತೈತೆ." ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂರುತ್ತೇನೆ. ಒಮ್ಮೆ ಟೊಮೆಟೊ ತುಂಬಿದ ಟೆಂಪೋದವನು ರೇಗಿ, "ಯಾಕ್ರೀ ಯಜಮಾನ್ರೆ, ನೀವೇನು ರೈಲ್ವೇದವ್ರಾ?" ಅಂದ. ಮಾವ ಶಾಂತವಾಗಿ, "ಅಲ್ಲಪ್ಪ, ಉಸಿರಾಡೋರು" ಅಂದರು. ಅವನು ನಕ್ಕು ಆಫ್ ಮಾಡಿದ.

ಕೊನೆಯದು ಮಜ್ಜಿಗೆ ಲೋಟ. ಗಕ್ಕನೆ ಬ್ರೇಕು ಹಾಕುವವನೂ ರಪ್ಪನೆ ಆಕ್ಸಿಲೇಟರ್ ತುಳಿಯುವವನೂ ಪೆಟ್ರೋಲನ್ನು ರಸ್ತೆಗೆ ಸುರಿದಂತೆ ಅನ್ನುವುದು ಮಾವನ ಸಿದ್ಧಾಂತ. ಅದಕ್ಕೆ ಡ್ಯಾಶ್‌ಬೋರ್ಡಿನ ಮೇಲೆ ಬಟ್ಟೆಯ ಸಿಂಬಿ ಸುತ್ತಿಟ್ಟು, ಅದರ ಮೇಲೆ ಎರಡು ಬೆರಳು ಕಡಿಮೆ ತುಂಬಿದ ಒಂದು ಲೋಟ ಮಜ್ಜಿಗೆ. ಚೆಲ್ಲದ ಹಾಗೆ ಓಡಿಸಬೇಕು. ಮುಂದೆ ಏನಿದೆ ಅಂತ ದೂರದಿಂದಲೇ ನೋಡಬೇಕು, ಹಂಪು ಕಂಡ ಕೂಡಲೇ ಕಾಲು ತೆಗೆದು ಗಾಡಿ ತಾನಾಗಿ ನಿಧಾನವಾಗಲು ಬಿಡಬೇಕು. ನನಗೆ ಡ್ರೈವಿಂಗ್ ಕಲಿಸಿದ್ದೂ ಹೀಗೇ. ಮೊದಲ ದಿನ ಲೋಟ ನನ್ನ ಮಡಿಲಿಗೆ ಬಂತು. ಎರಡನೇ ದಿನ ಮಾವನ ಮಡಿಲಿಗೆ. ಹದಿನೈದು ದಿನ ನಾವಿಬ್ಬರೂ ಹುಳಿ ವಾಸನೆ ಹೊಡೆಯುತ್ತ ಓಡಾಡಿದೆವು. ಕೊನೆಗೆ ಲೈಸೆನ್ಸ್ ಸಿಕ್ಕಿತು, ಆದರೆ ಮಾವ ಮಾತ್ರ ಇವತ್ತಿಗೂ ನನ್ನನ್ನು ಪಾಸು ಮಾಡಿಲ್ಲ.

ಈಗ ಹೇಳಿ, ಇಂಥವರ ಕಾರಿನಲ್ಲಿ, ಮೇ ತಿಂಗಳಲ್ಲಿ, ಹಸಿ ಹೊಲಿಗೆಯ ಅವ್ವನನ್ನು ಕಳಿಸುವುದು ಹೇಗೆ? ಬಿಸಿಲಿನಲ್ಲಿ, ಬೆವರಿನಲ್ಲಿ, ಕಲ್ಲಿನ ಹಾಗೆ ಗಾಳಿ ಹಿಡಿಸಿದ ಟೈರಿನ ಮೇಲೆ, ಎರಡು ಗಂಟೆ ಹೊತ್ತು! ನನಗೆ ರಾತ್ರಿ ನಿದ್ದೆ ಹತ್ತಿರಲಿಲ್ಲ.

ಆಸ್ಪತ್ರೆಯ ಕಾಗದ ಪತ್ರ ಮುಗಿಯುವಷ್ಟರಲ್ಲಿ ಹನ್ನೊಂದು ದಾಟಿತು. ಅಪ್ಪ ಮನೆ ಸಿದ್ಧ ಮಾಡಲು ಮುಂಚೆಯೇ ಬಸ್ಸಿನಲ್ಲಿ ಹೋಗಿದ್ದರು. ಅತ್ತೆ ಆಸ್ಪತ್ರೆಗೇ ಬಂದು, ನರ್ಸುಗಳೆದುರೇ ಮಂಚದ ಮೇಲೆ ಅವ್ವನಿಗೆ ಮಡಿಲು ತುಂಬಿದರು. "ಒಳಗಿಂದು ಅವ್ರು ತೆಗೆದ್ರು, ಹೊರಗಿಂದು ನೀನು ತುಂಬ್ತೀಯ" ಅಂತ ಅವ್ವ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. ಅತ್ತೆ ವಾರ್ಡಿನಿಂದಲೇ ಮನೆಗೆ ಹೊರಟರು. ಮಡಿಲಕ್ಕಿಯನ್ನು ಬಸ್ಸಿಗೆ ಹಾಕಲು ನಾನೇ ಗಂಟು ಎತ್ತಿಕೊಂಡೆ. ಮಾವ ಕಸಿದುಕೊಂಡರು. "ಡಿಕ್ಕೀಲಿ ಇಡು" ಅಂದರು.

ಡಿಕ್ಕಿ ತೆಗೆದು ನೋಡಿದರೆ ಒಳಗೆ ಎರಡು ಚೀಲ ಜೋಳ!

ನಾನು ಬೆಪ್ಪಾಗಿ ನಿಂತೆ. "ಮಾವ, ಇದೇನು ಭಾರ?"

"ಖಾಲಿ ಗಾಡಿ ಎಗರ್ತದೆ ಕಣವ್ವ. ಭಾರ ಇದ್ರೆ ತಗ್ಗಿ, ಕೂತ್ಕಂಡು ಹೋಗ್ತದೆ" ಅಂದರು, ನನ್ನ ಮುಖ ನೋಡದೆ. ಟೈರುಗಳನ್ನು ನೋಡಿದೆ, ಒಂಚೂರು ಚಪ್ಪಟೆಯಾಗಿದ್ದವು. ಬೆಳಗ್ಗೆ ತಾವೇ ಕೂತು ನಾಲ್ಕಕ್ಕೂ ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟಿದ್ದರಂತೆ, ಮೆತ್ತಗಾಗಲಿ ಅಂತ. ಆಮೇಲೆ ಒಳಗೆ ಕೈ ಹಾಕಿ, ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ, ಆಂಜನೇಯನನ್ನು ಹರಿಯದ ಹಾಗೆ ಕಿತ್ತು, ಕಣ್ಣಿಗೊತ್ತಿಕೊಂಡು ಕನ್ನಡಿಯ ಪಕ್ಕ ಅಂಟಿಸಿದರು. ಗುಂಡಿ ಒತ್ತಿದರು. ತಣ್ಣನೆ ಗಾಳಿ ಬಂತು. ಆ ಏಸಿ ಕೆಲಸ ಮಾಡುತ್ತದೆ ಅಂತ ನಮ್ಮ ಇಡೀ ವಂಶದಲ್ಲಿ ಮೊದಲು ಗೊತ್ತಾಗಿದ್ದು ನನಗೇ. ಕೊನೆಗೆ ಸಿಂಬಿ ಇಟ್ಟು, ಮಜ್ಜಿಗೆ ಲೋಟ ಇಟ್ಟರು. ಅದೊಂದು ಮಾತ್ರ ಬಿಡಲಿಲ್ಲ.

ನಾನು ಹಿಂದೆ ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಊರು ದಾಟುವಷ್ಟರಲ್ಲಿ ರೈಲ್ವೆ ಗೇಟು ಬಿತ್ತು. ಮಾವನ ಕೈ ಕೀಲಿಯ ಹತ್ತಿರ ಹೋಯಿತು, ಅಭ್ಯಾಸಬಲ. ಅಲ್ಲೇ ನಿಂತಿತು. ವಾಪಸ್ಸು ಬಂತು, ಎಂಜಿನ್ ನಿಂತರೆ ಏಸಿಯೂ ನಿಲ್ಲುತ್ತದಲ್ಲ. ಎಂಜಿನ್ ಗುಂಯ್ ಅನ್ನುತ್ತಲೇ ಇತ್ತು. ಅಷ್ಟರಲ್ಲಿ ಗಾಜನ್ನು ಯಾರೋ ತಟ್ಟಿದರು. ನೋಡಿದರೆ ಅದೇ ಟೊಮೆಟೊ ಟೆಂಪೋದವನು! ಕೈಗೆ ಸಿಕ್ಕ ಕಳ್ಳನನ್ನು ನೋಡುವ ಹಾಗೆ ನಗುತ್ತಿದ್ದ.

"ಏನ್ ಯಜಮಾನ್ರೆ, ಇವತ್ತು ಉಸಿರಾಡಲ್ವಾ?"

ಮಾವ ಗಾಜನ್ನು ಎರಡೇ ಬೆರಳು ಇಳಿಸಿದರು. "ಹಿಂದೆ ನಮ್ಮಕ್ಕ ಮಲಗ್ಯಾಳಪ್ಪ. ಆಪರೇಷನ್ ಆಗೈತೆ. ಇವತ್ತೊಂದಿನ ಬಿಟ್ಬಿಡು."

ಅವನು ಬಗ್ಗಿ ನೋಡಿದ. ನಗು ಹೋಯಿತು. ಹಿಂದಕ್ಕೆ ಹೋದವನು ಒಂದೊಂದೇ ಗಾಡಿಯ ಗಾಜು ತಟ್ಟುತ್ತ, "ಆಫ್ ಮಾಡ್ರಿ, ಮುಂದೆ ಪೇಷಂಟ್ ಅದಾರೆ, ಆಫ್ ಮಾಡ್ರಿ" ಅನ್ನುವುದು ನನಗೆ ಕೇಳಿಸಿತು. ಅಷ್ಟುದ್ದದ ಸಾಲಿನಲ್ಲಿ ಚಾಲೂ ಇದ್ದದ್ದು ನಮ್ಮ ಮಾವನ ಎಂಜಿನ್ ಒಂದೇ. ಮಾವ ನಾಚಿಕೊಂಡು ತಲೆ ತಗ್ಗಿಸಿ ಕೂತಿದ್ದರು.

ಗೇಟು ತೆಗೆದ ಮೇಲೆ ದಾರಿಯುದ್ದಕ್ಕೂ ಅವರು ಪ್ರತಿ ಹಂಪನ್ನೂ ಒಂದು ಫರ್ಲಾಂಗು ಮೊದಲೇ ಕಂಡುಹಿಡಿದು, ಕಾರನ್ನು ಮಗುವಿನ ಹಾಗೆ ಎತ್ತಿ ದಾಟಿಸಿದರು. ಅವ್ವನಿಗೆ ಗಾಢ ನಿದ್ದೆ. ಹಣೆಯ ಮೇಲೆ ಒಂದು ಹನಿ ಬೆವರಿಲ್ಲ.

ನಾನು ತಡೆಯಲಾರದೆ ಕೇಳಿದೆ. "ಮಾವ, ನಿಮ್ಮ ಕಾನೂನು ಎಲ್ಲಾ ಮುರಿದ್ರಲ್ಲ?"

ಮಾವ ಕನ್ನಡಿಯಲ್ಲಿ ಒಮ್ಮೆ ಹಿಂದಿನ ಸೀಟು ನೋಡಿದರು. ಅವರವ್ವ ತೀರಿಕೊಂಡಾಗ ಮಾವನಿಗೆ ಮೂರು ವರ್ಷ, ನಮ್ಮವ್ವನಿಗೆ ಹನ್ನೊಂದು. ಅದು ನನಗೆ ಗೊತ್ತಿತ್ತು. ಮಾವ ಆಗ ಹೇಳಿದ್ದು ಗೊತ್ತಿರಲಿಲ್ಲ. "ನಂಗೆ ಜ್ವರ ಬಂದಾಗ ಅಕ್ಕ ನಮ್ಮೂರು ನನ್ನಿವಾಳದಿಂದ ಚಳ್ಳಕೆರೆ ಆಸ್ಪತ್ರೆಗಂಟ ಸೊಂಟದ ಮ್ಯಾಲೆ ಹೊತ್ಕಂಡು ನಡದ್ಲಂತೆ. ಇಂಥದ್ದೇ ಬಿಸಿಲು. ಸೆರಗು ನನ್ ತಲೆ ಮ್ಯಾಲೆ, ಅವಳ ತಲೆ ಬಿಸಿಲಿಗೆ. ನಾನು ಒಂದ್ಸಲನೂ ಎಚ್ಚರ ಆಗ್ಲಿಲ್ವಂತೆ ಕಣವ್ವ. ಹಂಗೆ ನಡದಾಳೆ."

ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನಾವು ನಕ್ಕದ್ದೆಲ್ಲ ನೆನಪಾಯಿತು.

ಮನೆ ಮುಂದೆ ಕಾರು ನಿಂತ ಮೇಲೇ ಅವ್ವನಿಗೆ ಎಚ್ಚರವಾದದ್ದು. "ಹೊರಟ್ವಾ?" ಅಂದಳು. "ಬಂದ್ವಿ" ಅಂದೆ. ನಂಬಲಿಲ್ಲ. ಮಾವ ಮಜ್ಜಿಗೆ ಲೋಟ ತೆಗೆದು ಅಕ್ಕನ ಕೈಗೆ ಕೊಟ್ಟರು. ಸಿಂಬಿಯ ಮೇಲೆ ಒಂದು ಹನಿಯೂ ಚೆಲ್ಲಿರಲಿಲ್ಲ. ಅವ್ವ ಕುಡಿದು, ತಮ್ಮನ ಮುಖ ನೋಡಿ, "ಪೆಟ್ರೋಲು ಎಷ್ಟು ಕುಡೀತೋ ನಿನ್ ಗಾಡಿ?" ಅಂದಳು.

"ಮುಳ್ಳು ನೋಡ್ಲಿಲ್ಲಕ್ಕ" ಅಂದರು ಮಾವ.

ಊಟ ಮುಗಿಸಿ ಜೋಳ ಇಳಿಸಿದರು, ಟೈರಿಗೆ ಗಾಳಿ ಹಿಡಿಸಿಕೊಂಡು ಬಂದರು, ಆಂಜನೇಯನನ್ನು ಮತ್ತೆ ಏಸಿಯ ಮೇಲೆ ಕೂರಿಸಿ ಒತ್ತಿ ಒತ್ತಿ ಅಂಟಿಸಿದರು. "ನಡೆದದ್ದು ನಿಮ್ಮತ್ತೆಗೆ ಹೇಳ್ಬ್ಯಾಡವ್ವ, ದಿನಾ ಏಸಿ ಕೇಳ್ತಾಳೆ" ಅಂತ ನನಗೆ ತಾಕೀತು ಮಾಡಿ ಹೊರಟರು.

ಅವ್ವ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದಳು. ನಾನು ಪರದೆ ಎಳೆಯಲು ಹೋದೆ, ಬೇಡ ಅಂದಳು. ಹೊರಗೆ ಮಾವನ ಬಿಳಿ ಕಾರು ಹೋಗುತ್ತಿತ್ತು. ಸೈಕಲ್ಲಿನವನೊಬ್ಬ ಅದನ್ನು ದಾಟಿದ. ಕೊಡ ಹೊತ್ತ ಹೆಂಗಸೊಬ್ಬಳು ಅದರ ಜೊತೆಜೊತೆಗೇ ನಡೆದಳು. ಕಾರು ನಮ್ಮ ಬೀದಿ ದಾಟಲು ತುಂಬಾ ಹೊತ್ತು ಹಿಡಿಯಿತು, ಅಷ್ಟು ಹೊತ್ತೂ ಅವ್ವ ತಮ್ಮನನ್ನು ನೋಡುತ್ತಲೇ ಇದ್ದಳು.